ದೊಡ್ಡಮ್ಮನ ವಯಸ್ಸು ತಿದ್ದಿದವರು

ಬಿಷ್ಕೆಕ್, ಅಕ್ಟೋಬರ್ ೧೪, ಮಂಗಳವಾರ

ಬೆಳಿಗ್ಗೆಯೇ ಸೈರಾ ದೊಡ್ಡಮ್ಮನ ಫೋನು. "ನಿನ್ನ ವಂಶಾವಳಿ ಆ್ಯಪಲ್ಲಿ ನಂಗೆ ತೊಂಬತ್ತು ವರ್ಷ ಅಂತ ಬಂದಿದೆ. ಯಾರೇ ನನ್ನ ಮುದುಕಿ ಮಾಡಿದ್ದು?"

ಕೈವಾಡ ಅವರ ತಂಗಿ ಬುರುಲ್ಚಾ ಚಿಕ್ಕಮ್ಮನದು. ಆದರೆ ಬಾಗಿಲು ತೆರೆದಿಟ್ಟವಳು ನಾನು. ಪರೀಕ್ಷೆಗೆಂದು 'ಯಾರು ಬೇಕಾದರೂ ಓದಬಹುದು, ತಿದ್ದಬಹುದು' ಎಂಬ ನಿಯಮ ಹಾಕಿ ಹಾಗೇ ಮರೆತಿದ್ದೆ. ಇಡೀ ಬಳಗದ ಫೋನ್ ನಂಬರು, ವಿಳಾಸ ಎಲ್ಲ ಬೀದಿಯಲ್ಲಿತ್ತು. ಪುಣ್ಯಕ್ಕೆ ಹೊರಗಿನವರು ಯಾರೂ ನುಗ್ಗಿರಲಿಲ್ಲ.

ಕೂತು ಹೊಸ ನಿಯಮ ಬರೆದೆ: ಬಳಗದವರು ಲಾಗಿನ್ ಆದರಷ್ಟೇ ನೋಡಬಹುದು, ತಂತಮ್ಮ ಪುಟವನ್ನಷ್ಟೇ ತಿದ್ದಬಹುದು. ಪರೀಕ್ಷಿಸಲು ಚಿಕ್ಕಮ್ಮನ ಮನೆಗೇ ಹೋದೆ. ಚಹಾದ ಜೊತೆ ಹಿಟ್ಟಿನ ಬಿಸಿ ಬೋರ್ಸೋಕ್ ತುಣುಕು ಕರಿದು ಕೊಟ್ಟರು.

"ಈಗ ಅಕ್ಕನ ವಯಸ್ಸು ಬದಲಿಸಿ, ನೋಡೋಣ" ಅಂದೆ.

ಒತ್ತಿದರು. ಅನುಮತಿಯಿಲ್ಲ ಎಂದು ಬಂತು.

"ಸ್ವಂತ ಅಕ್ಕನ ಪುಟಕ್ಕೂ ನನ್ನ ಬಿಡಲ್ವೇನೇ ಇದು?"

"ನಿಮ್ಮ ಪುಟ ನಿಮ್ದು ಚಿಕ್ಕಮ್ಮ. ಅಲ್ಲಿ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಕನ್ನಡಕ ಏರಿಸಿಕೊಂಡು, ಮೆಲ್ಲಗೆ ತಮ್ಮ ವಯಸ್ಸನ್ನು ನಲವತ್ತು ಮಾಡಿಕೊಂಡರು. ನಿಯಮ ಒಪ್ಪಿತು. ಅವರ ಮಗನಿಗೆ ನಲವತ್ತೆರಡು.

ತಾಯಿ ಮಗನಿಗಿಂತ ದೊಡ್ಡವಳಿರಬೇಕು ಅಂತ ಇನ್ನೊಂದು ನಿಯಮ ಬರೆಯಬೇಕು. ಆದರೆ ಆ ಮುಖದ ಖುಷಿ ನೋಡಿದ ಮೇಲೆ, ನನ್ನ ಕೈಯಲ್ಲಿ ಅದು ಇವತ್ತು ಆಗಲಿಲ್ಲ.