ತೆಗೆದಿಟ್ಟ ಬಳೆ

ಅಮರಗೋಳ, ಶುಕ್ರವಾರ
೧೯೩೬

ಹುಬ್ಬಳ್ಳಿ ದವಾಖಾನೆಯ ಡಾಕ್ಟರ ಗೋದಾಬಾಯಿಯವರಿಗೆ ಸೂಲಗಿತ್ತಿ ಮಕ್ತುಮಬಿಯ ಸಲಾಮು.

ನಾನು ಹೇಳುತ್ತಿದ್ದೇನೆ, ನಮ್ಮ ಯಜಮಾನರು ಬಳೆಗಾರ ಲಾಲಸಾಬರು ಬರೆಯುತ್ತಿದ್ದಾರೆ.

ನೀವು ಊರೂರಿಗೆ ಬಂದು ಸೂಲಗಿತ್ತಿಯರಿಗೆ ಕಲಿಸಿದಂತೆ, ಹೆರಿಗೆಗೆ ಹೋದಾಗ ಬಳೆ ತೆಗೆದಿಟ್ಟು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುತ್ತೇನೆ. ಮೊದಲು ಹೆಂಗಸರು ಅಪಶಕುನವೆಂದರು. ಇವರಂತೂ ನನ್ನೊಡನೆ ಮಾತೇ ಬಿಟ್ಟಿದ್ದರು. ಈಗ ಕೂಸು ಅತ್ತ ಮೇಲೆ ಆ ಮನೆಯವರೇ ನನಗೆ ಹೊಸ ಬಳೆ ಇಡಿಸುವ ಪದ್ಧತಿ ಬಿದ್ದಿದೆ. ಹೆಂಡತಿಯ ಕೈಗೆ ಬಳೆ ಇಟ್ಟು ಇವರು ಊರವರಿಂದ ದುಡ್ಡು ಪಡೆಯುತ್ತಾರೆ. ಈ ಮಾತು ಬರೆಯಲು ಒಲ್ಲೆ ಎಂದರು, ನಾನು ಬಿಡಲಿಲ್ಲ.

ಹೋದ ಸಲ ನೀವು ಬಂದಾಗ ನಮ್ಮ ಓಣಿಯ ಹನುಮವ್ವ ನಿಮ್ಮನ್ನು ತಮ್ಮ ಹೊಸ್ತಿಲಲ್ಲೇ ತಡೆದರು. ಗಂಡ ಸತ್ತವರು, ಬಳೆಯಿಲ್ಲದ ಕೈಯವರು, ಬಸುರಿ ಸೊಸೆಯ ಹತ್ತಿರ ಬರಬಾರದೆಂದರು. ನೀವು ಅಲ್ಲಿಂದಲೇ ತಿರುಗಿ ಟಾಂಗಾ ಹತ್ತಿದಿರಿ. ಆ ಸೊಸೆ ಹೊಳೆವ್ವನ ಹೆರಿಗೆ ನಿನ್ನೆ ನಾನೇ ಮಾಡಿಸಿದೆ. ಹೆಣ್ಣು ಕೂಸು, ದನಿ ಓಣಿಗೆಲ್ಲ ಕೇಳಿತು. ಇವರು ನನಗೆ ಬಳೆ ಇಡುತ್ತಿರುವಾಗ ಹನುಮವ್ವ ಕೇಳಿದರು:

"ನಿನಗ ಹಿಂಗ ಕೈ ತೊಳಿಯೂದು ಕಲಿಸಿದ ಬಾಯಾರು ಎಂದ ಬರ್ತಾರವಾ? ಕೂಸನ್ನ ತೊಟ್ಟಿಲದಾಗ ಅವರ ಕೈಲೇನ ಹಾಕಸ್ಬೇಕು."

ಕೂಸನ್ನು ತೊಟ್ಟಿಲಿಗೆ ಹಾಕುವುದು ಈ ಸೋಮವಾರವಲ್ಲ, ಅದರ ಮುಂದಿನ ಸೋಮವಾರ. ಸಾಬೂನು ತೀರುತ್ತ ಬಂದಿದೆ, ಬರುವಾಗ ತರಬೇಕು. ಇನ್ನೊಂದು ಮಾತು: ಕೈ ನೋಡಿಯೇ ಅಳತೆ ಹೇಳುವ ಇವರು ನಿಮ್ಮ ಕೈ ನೋಡಿಲ್ಲ. ಬಳೆಯ ಅಳತೆ ಬರೆದು ಕಳಿಸಿರಿ. ಇಡಿಸಿಕೊಳ್ಳುವುದು, ಬಿಡುವುದು ನಿಮ್ಮ ಮರ್ಜಿ. ಹನುಮವ್ವ ಮಾತ್ರ ಹಸಿರು ಬಣ್ಣ ಆರಿಸಿಟ್ಟು ಹೋಗಿದ್ದಾರೆ.

ನಿಮ್ಮ ಕೈಯಲ್ಲಿ ಕಲಿತವಳು,
ಮಕ್ತುಮಬಿ