ಉಪ್ಪಿನ ಡಬ್ಬಿಯ ಅಧಿಕಾರ ಹಸ್ತಾಂತರ

ಅಖಿಲ ಅಡುಗೆಮನೆಯ ಚಕ್ರವರ್ತಿನಿ, ಸೌಟುಧಾರಿಣಿ, ಮಹಾಮಹಿಮ ಅಜ್ಜಿಯವರ ಸನ್ನಿಧಾನಕ್ಕೆ ಮೊಮ್ಮಗನ ಉದ್ದಂಡ ನಮಸ್ಕಾರಗಳು.

ತಾತನ ಬಿಪಿ ಏರಿದಾಗ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ಉಪ್ಪು ಬಿಟ್ಟರೆ ತಲೆಸುತ್ತು ಬರುತ್ತದೆಂದು ಚಿಕ್ಕಪ್ಪ ಫೋನಿನಲ್ಲಿ ಓದಿ ಹೇಳಿದರು. ಕಲ್ಲುಪ್ಪಾದರೆ ಎಷ್ಟು ತಿಂದರೂ ಅಮೃತವೆಂದು ಅತ್ತೆ ಸಾರಿದರು. ಈ ಗಲಾಟೆಯ ಮರೆಯಲ್ಲಿ ತಾತ ಡಬ್ಬಿಗೆ ಕೈ ಹಾಕುತ್ತಲೇ ಇದ್ದರು.

ತಾವು ಯಾರೊಡನೆಯೂ ವಾದಿಸಲಿಲ್ಲ. ಉಪ್ಪಿಲ್ಲದ ಅಡುಗೆ ಮಾಡಿ, ಡಬ್ಬಿಯನ್ನು ತಾತನ ಮುಂದಿಟ್ಟು, "ಇನ್ಮೇಲೆ ಎಲ್ರಿಗೂ ಉಪ್ಪು ಬಡಿಸೋದು ನೀವೇ. ಮಕ್ಕಳ ಆರೋಗ್ಯ ನಿಮ್ಮ ಕೈಲಿದೆ" ಎಂದಿರಿ. ಅಂದಿನಿಂದ ತಾತ ಚಿನ್ನ ತೂಗುವವರ ಹಾಗೆ ಚಿಟಿಕೆ ಹಿಡಿಯುತ್ತಾರೆ. ಎಲ್ಲರೂ ನೋಡುತ್ತಿರುವಾಗ ತಮ್ಮ ತಟ್ಟೆಗೆ ಮಾತ್ರ ಸುರಿದುಕೊಳ್ಳುವುದು ಹೇಗೆ? ಚಿಕ್ಕಪ್ಪ ಇನ್ನಷ್ಟು ಕೇಳಿದರೆ, "ಇದೇನು ನಿಮ್ಮಪ್ಪನ ಆಸ್ತೀನೇನೋ?" ಎಂದು ಗದರುತ್ತಾರೆ.

ನಿನ್ನೆ ಬಿಪಿ ಇಳಿದಿದೆಯೆಂದು ಡಾಕ್ಟರೇ ಹೇಳಿದರು. ಕಳ್ಳನನ್ನೇ ಕಾವಲಿಗಿಟ್ಟ ತಮ್ಮ ರಾಜನೀತಿಗೆ ಶರಣು.

ಇಂತಿ,
ತಮ್ಮ ಅನ್ನದ ಋಣದಲ್ಲಿರುವ ಮೊಮ್ಮಗ

ತಾ.ಕ.: ಈ ಪತ್ರವನ್ನು ಪಕ್ಕದ ಮನೆಯ ಊಟದ ಮೇಜಿನಿಂದ ಬರೆಯುತ್ತಿದ್ದೇನೆ. ತಾತನನ್ನೂ ಎಳೆದು ತಂದಿದ್ದೆ. ಅವರು ಒಂದೇ ತುತ್ತಿಗೆ "ಅಬ್ಬಾ, ಉಪ್ಪೋ ಉಪ್ಪು!" ಎಂದು ಎದ್ದು ಮನೆಗೆ ಹೊರಟರು. ಅವರ ತಟ್ಟೆಯನ್ನೂ ನಾನೇ ಖಾಲಿ ಮಾಡಿದೆ. ರಾತ್ರಿಗೆ ನನ್ನ ಪಾಲಿನ ಅಕ್ಕಿ ಹಾಕಬೇಡಿ.