ಮಂಡಿ ನೋಡು ಅಂದವನು ನಾನೇ

ಜನವರಿ 16, ಶುಕ್ರವಾರ. ಅಲ್ ವುಕೈರ್.

ಕೋಚ್ ಇವತ್ತು ನನ್ನನ್ನು ಮೈದಾನದ ಗೇಟಿನಿಂದ ಆಚೆ ಹಾಕಿದ. ಹಾಕಲಿ. ತಂಗಿಯ ಮಗಳು ಆಶ್ಲಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಹಂಚುವವಳು. ಪಕ್ಕದವಳ ಕೈಗೆ ಕೊಟ್ಟು ಓಡಿಸುವುದೋ, ದೂರ ಎಸೆಯುವುದೋ, ಆ ಗಳಿಗೆಯಲ್ಲೇ ತೀರ್ಮಾನಿಸಬೇಕು. ಇವತ್ತೂ ತಪ್ಪಿದರೆ ತಂಡದಿಂದ ತೆಗೆಯುತ್ತೇನೆ ಅಂತ ಕೋಚ್ ಅವಳಿಗೆ ಅಂದಿದ್ದ.

"ಎದುರಿನವಳ ಮಂಡಿ ನೋಡು ಮಗಾ! ಮುಂದೆ ನುಗ್ಗಿದರೆ ಎಸಿ, ನಿಂತರೆ ಕೊಡು!" ಅಂತ ಕೂಗಿದೆ. ಈ ಅರಬ್ ದೇಶಕ್ಕೆ ಬರುವ ಮೊದಲು ಊರಿನ ವಾಲಿಬಾಲಿನಲ್ಲಿ ಹತ್ತು ವರ್ಷ ನಾನು ಚೆಂಡು ಎತ್ತಿಕೊಟ್ಟದ್ದು ಹಾಗೆಯೇ. ಏಳನೇ ಕ್ಲಾಸು ಓದಿದ ನನಗೆ ಗೊತ್ತು, ಕೋಚಿಗೆ ಗೊತ್ತಿಲ್ಲ!

"ಅಂಕಲ್, ಔಟ್! ಖಲಾಸ್!" ಅಂದ.

ಗೇಟಿನ ಹೊರಗೆ ನಿಂತು ನೋಡಿದೆ. ಎದುರಿನವಳು ನುಗ್ಗಿದಳು, ಆಶ್ಲಿ ಅವಳ ತಲೆಯ ಮೇಲಿಂದಲೇ ಎಸೆದಳು, ತಂಡದವಳೊಬ್ಬಳು ಹಿಡಿದು ಗೆರೆ ದಾಟಿದಳು. ಪಾಯಿಂಟ್! ಆಮೇಲೆ ಆ ಮಹಾಶಯನೇ ಹುಡುಗಿಯರಿಗೆಲ್ಲ "ಮಂಡಿ ನೋಡಿ, ಮಂಡಿ" ಅನ್ನುತ್ತಿದ್ದ. ಮುಂದಿನ ಶುಕ್ರವಾರ ಕುರ್ಚಿ ತಗೊಂಡೇ ಹೋಗುತ್ತೇನೆ. ಗೇಟಿನ ಹೊರಗೆ ಕೂರಬಾರದು ಅಂತ ಯಾವ ಕೋಚ್ ಹೇಳುತ್ತಾನೋ ನೋಡೋಣ!